ವಂದನಾರ್ಪಣೆಯ ಹದಿನೇಳನೆಯ ಹೆಸರು

ಹಗರಿಬೊಮ್ಮನಹಳ್ಳಿಯ ಆ ಖಾಸಗಿ ಕಾಲೇಜಿನಲ್ಲಿ ಸ್ವಾಗತ ಭಾಷಣಕ್ಕೆ ಖಾಯಂ ಮೇಷ್ಟ್ರುಗಳ ನಡುವೆ ಜಗಳವೇ ಆಗುತ್ತಿತ್ತು. ವಂದನಾರ್ಪಣೆ ಮಾತ್ರ ಯಾರಿಗೂ ಬೇಡ. ಜನ ಚಪ್ಪಲಿ ತಡಕುತ್ತಾ, ಪೆಂಡಾಲಿನಿಂದ ಬರುವ ಒಗ್ಗರಣೆ ವಾಸನೆಗೆ ಮೂಗರಳಿಸುತ್ತಾ ಏಳುವ ಹೊತ್ತಿಗೆ ಮೈಕು ಹಿಡಿದು ನಿಲ್ಲಬೇಕಲ್ಲ, ಆ ಕರ್ಮ ಅತಿಥಿ ಉಪನ್ಯಾಸಕರಿಗೆ. ಎಂಥಾ ಚೆಂದದ ಹೆಸರು ನೋಡಿ, ಅತಿಥಿ! ಕ್ರಾಂತಿ ಒಂಬತ್ತು ವರ್ಷದಿಂದ ಅಲ್ಲಿನ ಇಂಗ್ಲಿಷ್ ವಿಭಾಗದ ಅತಿಥಿ. ಏಪ್ರಿಲ್‌ನಲ್ಲಿ ಕಳಿಸುತ್ತಾರೆ, ಆಗಸ್ಟ್‌ನಲ್ಲಿ ಕರೆಯುತ್ತಾರೆ. ನಡುವಿನ ತಿಂಗಳಲ್ಲಿ ಬದುಕಿದೆಯಾ ಸತ್ತೆಯಾ ಅಂತ ಕೇಳಿದವರಿಲ್ಲ.

ವಂದನಾರ್ಪಣೆ ಸಸಾರದ ಕೆಲಸ ಅಂದುಕೊಂಡೀರಿ, ಜೋಕೆ. ಆಡಳಿತ ಮಂಡಳಿಯ ಅಧ್ಯಕ್ಷ ನಾಗಪ್ಪನವರು, ಅಂದರೆ ಮೆಕ್ಕೆಜೋಳದ ದಲಾಲಿ ಅಂಗಡಿ, ಎರಡು ಪೆಟ್ರೋಲ್ ಬಂಕು, ಒಂದು ಕಲ್ಯಾಣ ಮಂಟಪದ ಧಣಿ, ದೀಪ ಹಚ್ಚಿ ಕುರ್ಚಿಗೆ ಒರಗಿದರೆಂದರೆ ಕಣ್ಣು ಮುಚ್ಚಿಬಿಡುತ್ತಿದ್ದರು. ಯಾರು ಏನು ಒದರಿದರೂ ಎಚ್ಚರವಿಲ್ಲ. ವಂದನಾರ್ಪಣೆ ಅಂದ ತಕ್ಷಣ ಕಣ್ಣು ಅಗಲ. ಮೊದಲು ಅವರ ಹೆಸರು ಬರಬೇಕು, ಅದಕ್ಕೆ ಮುಂಚೆ ‘ಶಿಕ್ಷಣಪ್ರೇಮಿ, ಕೊಡುಗೈ ದಾನಿ’ ಬರಬೇಕು. ಆಮೇಲೆ ಕಾರ್ಯದರ್ಶಿ, ಪ್ರಿನ್ಸಿಪಾಲ್, ಹೀಗೆ ಮೆಟ್ಟಿಲು ಇಳಿಯುತ್ತಾ ಶಾಮಿಯಾನದ ಬಂಗಾರಪ್ಪ, ಕಟ್ಟಕಡೆಗೆ ಮೈಕಿನ ಮಾರಣ್ಣ. ತನ್ನ ಹೆಸರು ಕೇಳಿದ ಕೂಡಲೇ ಮಾರಣ್ಣ ಮೈಕು ಬಂದ್ ಮಾಡುವುದು ರೂಢಿ. ಹಿಂದಿನ ವರ್ಷ ತೆಲಿಗಿಯಿಂದ ಬಸ್ಸಿಗೆ ಬರುತ್ತಿದ್ದ ಹಿಂದಿ ಮೇಷ್ಟ್ರು ರಾಮಣ್ಣ, ಪಾಪ, ವೇದಿಕೆ ಮೇಲೆ ತಹಶೀಲ್ದಾರರು ಇದ್ದಾರಲ್ಲ ಅಂತ ಅವರ ಹೆಸರು ಮೊದಲು ಹೇಳಿಬಿಟ್ಟ. ಮುಂದಿನ ವೇಳಾಪಟ್ಟಿಯಲ್ಲಿ ಹಿಂದಿ ಇತ್ತು, ರಾಮಣ್ಣ ಇರಲಿಲ್ಲ.

ಈ ಹೆಸರುಗಳನ್ನೆಲ್ಲ ಇಪ್ಪತ್ತೆಂಟು ವರ್ಷದಿಂದ ಸಭಾಂಗಣದ ಹಿಂಬಾಗಿಲಲ್ಲಿ ನಿಂತು ಕೇಳಿದವಳೊಬ್ಬಳು ಇದ್ದಳು. ಪಕ್ಕೀರಮ್ಮ. ಕಾಲೇಜಿನ ಕಸ ಹೊಡೆಯುವವಳು, ಪಾಯಿಖಾನೆ ತೊಳೆಯುವವಳು, ಮತ್ತು ಕ್ರಾಂತಿಯ ತಾಯಿ. ಗೇಟಿನ ಹೊರಗೆ ಮಗಳನ್ನು “ಯವ್ವಾ” ಅನ್ನುವವಳು ಗೇಟು ದಾಟಿದರೆ “ಮೇಡಂ” ಅನ್ನುತ್ತಿದ್ದಳು. ಕ್ರಾಂತಿ ಸೇರಿದ ಮೊದಲ ದಿನವೇ ಅವಳು ಹಾಕಿದ ಕಟ್ಟಳೆ ಅದು. “ಕಸದಾಕಿ ಮಗಳು ಅಂದ್ರ ಹುಡುಗ್ರು ಪಾಠ ಕೇಳಂಗಿಲ್ಲವಾ. ಒಳಗ ನಾನು ಯಾರೋ, ನೀನು ಯಾರೋ.” ಕ್ರಾಂತಿ ಎರಡು ದಿನ ಜಗಳ ಮಾಡಿದಳು. ಮೂರನೆಯ ದಿನ ಕಾರಿಡಾರಿನಲ್ಲಿ ಎದುರಾದಾಗ, “ಪಕ್ಕೀರಮ್ಮ, ಆ ಬೆಂಚು ಒರಸು,” ಅಂದಳು. ನಾಲಿಗೆ ಹೇಗೆ ಹೊರಳಿತೋ ಏನೋ, ಅಂದೇಬಿಟ್ಟಳು. ಊರಿಗೆಲ್ಲ ಗೊತ್ತಿದ್ದ ಸಂಬಂಧವನ್ನು ಕಾಲೇಜಿನಲ್ಲಿ ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ.

ಈ ಮಾರ್ಚಿಗೆ ಪಕ್ಕೀರಮ್ಮನ ನೌಕರಿ ಮುಗಿಯುವುದಿತ್ತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿದಳು.

“ಯವ್ವಾ, ಒಂದು ಮಾತು ಕೇಳ್ತೀನಿ. ನಗಬ್ಯಾಡ.”

“ಕೇಳಬೇ.”

“ನಿಮ್ಮ ಸೆಮಿನಾರಿನಾಗ ಕಡೀಕ ಮಾತಾಡಾಕಿ ನೀನಾ ಅಲ್ಲ? ಮೈಕಿನ ಮಾರಣ್ಣನ ಹೆಸರು ಹೇಳ್ತೀರಿ. ಅಡಿಗಿಯವನ ಹೆಸರು ಹೇಳ್ತೀರಿ. ಹೂವಿನ ಕುಂಡ ತಂದಿಟ್ಟವನ ಹೆಸರೂ ಹೇಳ್ತೀರಿ. ಅವರ ಹಿಂದ ನಂದೊಂದು ಹೆಸರು ಹೇಳವಾ. ಮೈಕಿನಾಗ ಹೆಂಗ ಕೇಳ್ತೈತೋ, ಒಂದು ಸಲ ಕೇಳ್ಬೇಕು ಅನಸ್ತೈತಿ.”

ಇಪ್ಪತ್ತೆಂಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕ್ರಾಂತಿ ಅವಳ ಪಕ್ಕಕ್ಕೆ ಬಂದು ಕೂತಳು. “ಹೇಳ್ತೀನಬೇ, ನಿನ್ನಾಣಿಗೂ ಹೇಳ್ತೀನಿ,” ಅಂದಳು.

“ಆಣಿ-ಗೀಣಿ ಬ್ಯಾಡ. ಹೇಳಿದ್ರ ಸಾಕು,” ಅಂತ ಪಕ್ಕೀರಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಸೆಮಿನಾರು ಅಂದರೆ ಅಂತಿಂಥದ್ದಲ್ಲ, ರಾಷ್ಟ್ರಮಟ್ಟದ್ದು. ‘ಪಶ್ಚಿಮ ಆಫ್ರಿಕಾದ ಕಥಾಸಾಹಿತ್ಯದಲ್ಲಿ ವರ್ಗ ಮತ್ತು ಅಧಿಕಾರದ ವಿಡಂಬನೆ.’ ಕ್ರಾಂತಿ ಪಿಎಚ್‌ಡಿ ಮಾಡಿದ ವಿಷಯ. ಕಾಲೇಜಿಗೆ ದರ್ಜೆ ಕೊಡುವ ಪರಿಶೀಲನಾ ಸಮಿತಿ ಬರುವುದಿತ್ತು, ಅವರ ಕಣ್ಣಿಗೆ ಬೀಳಲು ಏನಾದರೂ ಭಾರೀ ಇರಬೇಕಿತ್ತು. ಪ್ರಿನ್ಸಿಪಾಲ್ ಕೊಟ್ರಸ್ವಾಮಿ ಅವಳನ್ನು ಅಧ್ಯಕ್ಷರ ಮನೆಗೆ ಕರೆದುಕೊಂಡು ಹೋದರು. ಮನೆಗೆ ಅಂದರೆ ಮನೆಯ ಹೊರಗಟ್ಟೆಗೆ. ಒಂಬತ್ತು ವರ್ಷದಲ್ಲಿ ಅವಳು ಆ ಕಟ್ಟೆ ದಾಟಿದ್ದಿಲ್ಲ, ದಾಟು ಅಂತ ಯಾರೂ ಅಂದದ್ದೂ ಇಲ್ಲ.

“ಅದೇನವಾ ಆಫ್ರಿಕಾದಾಗ ವಿಡಂಬನಿ?” ಅಂತ ನಾಗಪ್ಪನವರು ಕೇಳಿದರು.

“ಬಿಳಿಯರು ಬಿಟ್ಟುಹೋದ ಕುರ್ಚಿ ಮ್ಯಾಲೆ ಅಲ್ಲಿನ ದೊಡ್ಡ ಮಂದಿನಾ ಕುಂತರ್ರೀ ಸರ್. ದೊಡ್ಡ ಕಾರು, ದೊಡ್ಡ ಬಂಗ್ಲಿ, ಹಿಂದ ಕೈ ಕಟ್ಟಿ ನಿಲ್ಲೋ ಮಂದಿ. ಅಂಥವರನ್ನ ಅಲ್ಲಿಯ ಕಥಿಗಾರರು ನಗಿಸಿ ನಗಿಸಿ ಬೈದಾರ.”

“ಆಹಾ! ಹಂಗಾ ಬೈಬೇಕು ಅಂಥವರನ್ನ,” ಅಂದರು ನಾಗಪ್ಪನವರು. ಹಿಂದೆ ಕೈ ಕಟ್ಟಿ ನಿಂತಿದ್ದ ಕೊಟ್ರಸ್ವಾಮಿ ಜೋರಾಗಿ ತಲೆಯಾಡಿಸಿದರು. ಅಧ್ಯಕ್ಷರು ಮುಂದುವರಿಸಿದರು, “ನೋಡವಾ, ಇಂಗ್ಲಿಷಿಗೆ ಒಂದು ಖಾಯಂ ಹುದ್ದಿ ಮಂಜೂರಾಗೈತಿ. ಇದನ್ನ ಚೆಂದಾಗಿ ಮುಗಿಸಿಕೊಡು. ಆರ್ಡರ್ ನಿಂದಾ ಅಂತ ತಿಳ್ಕೋ.”

ಅಷ್ಟು ಸಾಕಾಯಿತು. ಮೂರು ತಿಂಗಳು ಕತ್ತೆ ದುಡಿದ ಹಾಗೆ ದುಡಿದಳು. ಪತ್ರ ಬರೆದಳು, ಹಾರಕ್ಕೆ ಹೇಳಿದಳು, ಬ್ಯಾನರಿನ ಅಕ್ಷರ ತಿದ್ದಿದಳು, ಮುಖ್ಯ ಪ್ರಬಂಧ ಬರೆದಳು. ವಾರ ಉಳಿದಿರುವಾಗ ಕೊಟ್ರಸ್ವಾಮಿ ಬಂದು, ಪ್ರಬಂಧವನ್ನು ಅಧ್ಯಕ್ಷರ ಸೊಸೆ ಗೀತಾಂಜಲಿ ಓದುತ್ತಾಳೆ ಅಂದರು. ಗೀತಾಂಜಲಿ ಅಂಚೆ ತೆರಪಿನಲ್ಲಿ ಎಂ.ಎ. ಮಾಡಿಕೊಂಡವಳು.

“ಸರ್, ಅದು ನನ್ನ ಐದು ವರ್ಷದ ಓದು.”

“ಓದೋದು ಅಕಿ, ಬರದಾಕಿ ನೀನಾ. ಯಾರಿಗೆ ಗೊತ್ತಿಲ್ಲ? ಖಾಯಂ ಹುದ್ದಿ ಬರೋದು ನಿನಗಾ, ನಾಕು ಹಾಳಿ ಕಾಗದಕ್ಕ ಯಾಕ ಮುಖ ಸಣ್ಣದು ಮಾಡ್ತಿ?”

ಕ್ರಾಂತಿ ನುಂಗಿಕೊಂಡಳು. ಅದೊಂದು ನುಂಗಿದರೆ ಮುಂದಿನದ್ದು ಸಲೀಸು, ನುಂಗುವವರಿಗೆ ಗೊತ್ತು ಆ ಮಾತು.

ಆಫ್ರಿಕಾದ ಸೆಮಿನಾರಿಗೆ ಆಫ್ರಿಕಾದವರೇ ಒಬ್ಬರು ಬೇಕು ಅಂತ ಬೆಂಗಳೂರಿನಲ್ಲಿ ಸಂಶೋಧನೆಗೆ ಬಂದಿದ್ದ ನೈಜೀರಿಯಾದ ಇಮ್ಯಾನುಯೆಲ್ ಎಂಬುವವನನ್ನು ಕರೆಸಿದ್ದರು. ಅವನ ಅಪ್ಪ ಅಲ್ಲಿ ಮಂತ್ರಿಯಾಗಿದ್ದವನಂತೆ. ಬೆಳಿಗ್ಗೆ ರೈಲ್ವೆ ಸ್ಟೇಷನ್ನಿಗೆ ಹೂಗುಚ್ಛ ಹಿಡಿದು ಹೋದ ಕ್ರಾಂತಿಗೆ ಎದೆಯಲ್ಲಿ ಏನೋ ಸಂಭ್ರಮ. ತಾನು ಐದು ವರ್ಷ ಓದಿ, ನಕ್ಕು, ಅತ್ತ ಕಥೆಗಳ ಸೀಮೆಯವನು, ನನ್ನ ಕಷ್ಟ ಇವನಿಗೆ ಅರ್ಧ ಮಾತಿಗೇ ತಿಳಿಯುತ್ತದೆ ಅಂದುಕೊಂಡಿದ್ದಳು ಹುಚ್ಚಿ. ಅವನು ಇಳಿದ, ಹೂಗುಚ್ಛ ತಗೊಂಡ, ತನ್ನ ಚೀಲ ಅವಳ ಕೈಗೆ ಕೊಟ್ಟ, ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಅವಳು ತನ್ನ ಪಿಎಚ್‌ಡಿಯ ಮಾತೆತ್ತಿದರೆ, ತಿರುಗಿ ನೋಡದೆ ಬೆರಳೆತ್ತಿ ತಡೆದು ಫೋನಿನಲ್ಲಿ ಮಾತಾಡಿದ. ನಾಗಪ್ಪನವರ ಬೆರಳೂ ಹಾಗೆಯೇ ಏಳುತ್ತಿತ್ತು.

ಅಧ್ಯಕ್ಷರ ಮನೆಯಲ್ಲಿ ಇವನನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಗುಸುಗುಸು ನಡೆದಿತ್ತು. “ಯಾವ ಜಾತಿಯೋ ಏನೋ,” ಅಂದರು ನಾಗಪ್ಪನವರ ಹೆಂಡತಿ ಶಿವಬಸಮ್ಮ. “ಮಂತ್ರಿ ಮಗ ಅದಾನ್ರಿ ಅಮ್ಮಾರ,” ಅಂದರು ಕೊಟ್ರಸ್ವಾಮಿ. ಮುಗಿಯಿತು, ದೇವರ ಕೋಣೆಯ ಪಕ್ಕದ ಊಟದ ಮನೆಗೇ ಕರೆದೊಯ್ದರು, ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು ಕೊಟ್ಟರು. ಹೊರಗಟ್ಟೆಯ ಮೇಲೆ ಅವನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ ಕ್ರಾಂತಿಗೆ ಕಾಗದದ ಕಪ್ಪಿನಲ್ಲಿ ಚಹಾ ಬಂತು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ನಾಗಪ್ಪನವರಿಗೆ ಅವನ ಭಾಷೆ ಬರದು, ಅವನಿಗೆ ಇವರದ್ದು. ಅವನು ಮೊಬೈಲಿನಲ್ಲಿ ತನ್ನಪ್ಪನ ಕಾರುಗಳನ್ನು ತೋರಿಸಿದ, ಇವರು ತಮ್ಮ ಕಾರು ತೋರಿಸಿದರು, ಇಬ್ಬರೂ ತೊಡೆ ತಟ್ಟಿ ನಕ್ಕರು. ಬೀಗರು ಸಿಕ್ಕ ಹಾಗೆ! ಮುನ್ನೂರು ಪುಟ ಬರೆದು ತಾನು ಹೇಳಿದ್ದನ್ನು ಇಬ್ಬರೂ ಒಂದು ಲೋಟ ಹಾಲಿನಲ್ಲಿ ಮುಗಿಸಿದರಲ್ಲ ಅಂತ ಕ್ರಾಂತಿಗೆ ನಗು ಬಂತು, ಬೆನ್ನಿಗೇ ಹೊಟ್ಟೆ ಉರಿಯಿತು.

ಸಭಾಂಗಣ ಫಳಫಳ ಅನ್ನುತ್ತಿತ್ತು. ಪಕ್ಕೀರಮ್ಮ ನಸುಕಿಗೇ ಬಂದು ಒರಸಿದ ನೆಲ. ವೇದಿಕೆಯಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದವು. ಗೀತಾಂಜಲಿ ಪ್ರಬಂಧ ಓದಿದಳು. ದೊಡ್ಡ ಮನುಷ್ಯ ಸೆಕೆ ಅಂದರೆ ಊರೆಲ್ಲ ಬೀಸಣಿಗೆಯಾಗುತ್ತದೆ ಅಂತ ಕ್ರಾಂತಿ ಬರೆದಿದ್ದ ಸಾಲು ಅವಳ ಬಾಯಲ್ಲಿ ಬರುವ ಹೊತ್ತಿಗೆ, ಅಟೆಂಡರ್ ಗಂಗಪ್ಪ ಓಡಿಬಂದು ಟೇಬಲ್ ಫ್ಯಾನನ್ನು ನಾಗಪ್ಪನವರ ಕಡೆ ತಿರುಗಿಸಿದ. ಒಬ್ಬರೂ ನಗಲಿಲ್ಲ. ನಾಗಪ್ಪನವರು ನಿದ್ದೆಯಲ್ಲೇ ಸುಖವಾಗಿ ತಲೆಯಾಡಿಸಿದರು, ಜನ ಚಪ್ಪಾಳೆ ತಟ್ಟಿದರು.

ವಂದನಾರ್ಪಣೆಗೆ ಮುಂಚೆ ಕೊಟ್ರಸ್ವಾಮಿ ಪಟ್ಟಿ ನೋಡಲು ಕೈ ಚಾಚಿದರು. ಹದಿನಾರು ಹೆಸರು ಸರಿಯಿದ್ದವು. ಕೆಳಗೆ ಪೆನ್ನಿನಲ್ಲಿ ಹದಿನೇಳನೆಯದೊಂದು ಇತ್ತು.

“ಇದೇನಿದು?”

“ಪಕ್ಕೀರಮ್ಮ ರೀ ಸರ್. ಈ ತಿಂಗಳು ನಿವೃತ್ತಿ ಆಗ್ತಾಳ. ಇಪ್ಪತ್ತೆಂಟು ವರ್ಷ...”

“ಅಕಿ ನಿನಗ ಏನಾಗ್ಬೇಕು ಅಂತ ನನಗೊತ್ತಿಲ್ಲೇನು?” ಅವರು ದನಿ ತಗ್ಗಿಸಿದರು. “ಸಮಿತಿಯವರು ಮುಂದಿನ ಸಾಲಿನಾಗ ಕುಂತಾರ. ಅಧ್ಯಕ್ಷರ ಹೆಸರು ಹೇಳೋ ಬಾಯಾಗ ಪಾಯಿಖಾನಿ ತೊಳಿಯಾಕಿ ಹೆಸರು ಹೇಳ್ತೀಯಾ? ರಾಮಣ್ಣಂದು ಏನಾತು, ನೆನಪೈತಿಲ್ಲ? ಆರ್ಡರ್ ಬೇಕೋ, ಇದು ಬೇಕೋ, ನೀನಾ ನೋಡ್ಕೋ.” ಕೆಂಪು ಪೆನ್ನಿನಿಂದ ಗೀಟು ಎಳೆದು ಹಾಳೆ ವಾಪಸು ಕೊಟ್ಟರು.

ಕ್ರಾಂತಿ ಮೈಕಿನ ಮುಂದೆ ನಿಂತಳು. ನಾಗಪ್ಪನವರ ಕಣ್ಣು ತೆರೆದವು. ಹಿಂಬಾಗಿಲಲ್ಲಿ ಪಕ್ಕೀರಮ್ಮ, ಮದುವೆ-ಮುಂಜಿಗೆ ಅಂತ ಎತ್ತಿಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟು, ಮುಡಿಗೆ ಒಂದು ಮೊಳ ಮಲ್ಲಿಗೆ ಮುಡಿದು ನಿಂತಿದ್ದಳು. ಕೈಯಲ್ಲಿ ಕಸಬರಿಗೆ ಇರಲಿಲ್ಲ. ಆ ಖಾಲಿ ಕೈ ಎಲ್ಲಿಡಬೇಕೋ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಶಿಕ್ಷಣಪ್ರೇಮಿ, ಕೊಡುಗೈ ದಾನಿ ಅಂತ ಶುರುವಾಗಿ ಪಟ್ಟಿ ಇಳಿಯಿತು. ಶಾಮಿಯಾನದ ಬಂಗಾರಪ್ಪ. ಮೈಕಿನ ಮಾರಣ್ಣ. “ಇವತ್ತು ನಿನ್ನ ಹಿಂದ ಇನ್ನೊಂದು ಹೆಸರೈತಿ, ಬಂದ್ ಮಾಡಬ್ಯಾಡೋ ಮಾರಣ್ಣ,” ಅಂತ ಬೆಳಿಗ್ಗೆಯೇ ಹೇಳಿಟ್ಟಿದ್ದಳು. ಮಾರಣ್ಣ ಗುಂಡಿಯ ಮೇಲೆ ಬೆರಳಿಟ್ಟು ಕಾಯ್ದ. ಪಕ್ಕೀರಮ್ಮ ಕಾಯ್ದಳು. ಕ್ರಾಂತಿ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆ ಬಂದಿತ್ತು. ನಾಗಪ್ಪನವರ ಬೆರಳು ಕುರ್ಚಿಯ ತೋಳಿನ ಮೇಲಿಂದ ಒಂದಿಷ್ಟು ಎದ್ದಿತು.

“ಹಾಗೂ... ತೆರೆಮರೆಯಲ್ಲಿ ದುಡಿದ ಎಲ್ಲರಿಗೂ ವಂದನೆಗಳು.”

ಮಾರಣ್ಣ ಇನ್ನೂ ಕಾಯುತ್ತಿದ್ದ. ಅವಳು ತಲೆ ತಗ್ಗಿಸಿ ಇಳಿದಳು. ಎಲ್ಲರೂ ಊಟಕ್ಕೆದ್ದ ಗದ್ದಲದಲ್ಲಿ ಹಿಂಬಾಗಿಲಿನಿಂದ ಒಂದೇ ಒಂದು ಜೊತೆ ಕೈ ಚಪ್ಪಾಳೆ ತಟ್ಟುತ್ತಿತ್ತು.

ಸಂಜೆ ಗೇಟು ದಾಟಿ ಒಂದಿಷ್ಟು ದೂರ ನಡೆದ ಮೇಲೆ ಪಕ್ಕೀರಮ್ಮ ಅಂದಳು, “ಎಲ್ಲರಿಗೂ ಅಂದ್ಯಲ್ಲ ಯವ್ವಾ, ಅದರಾಗ ನಾನೂ ಬಂದ್ನಿ ಬಿಡು. ಆರ್ಡರ್ ಕೈಗೆ ಬರ್ಲಿ ಮೊದಲು.”

ಅದರ ಬದಲು ಕೆರ ತಗೊಂಡು ಹೊಡೆದಿದ್ದರೆ ಕ್ರಾಂತಿ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು.

ಏಪ್ರಿಲ್‌ನಲ್ಲಿ ಆರ್ಡರ್ ಬಂತು. ಗೀತಾಂಜಲಿಯ ಹೆಸರಿಗೆ ಬಂತು. ರಾಷ್ಟ್ರಮಟ್ಟದ ಸೆಮಿನಾರಿನಲ್ಲಿ ಮುಖ್ಯ ಪ್ರಬಂಧ ಮಂಡಿಸಿದ್ದು ಅವಳ ಅರ್ಹತೆಯಲ್ಲಿ ಸೇರಿತ್ತು. “ಮುಂದ ನೋಡೋಣವಾ, ನೀನೇನು ಹೊರಗಿನಾಕಿ ಅಲ್ಲ,” ಅಂದರು ನಾಗಪ್ಪನವರು, ಹೊರಗಟ್ಟೆಯ ಮೇಲೆ ನಿಂತವಳಿಗೆ. ಆಗಸ್ಟ್‌ನಲ್ಲಿ ಮತ್ತೆ ಕರೆದರು, ಮತ್ತೆ ಹೋದಳು. ಯಾಕೆ ಹೋದಳು ಅಂತ ಮೂಗು ಮುರಿಯಬೇಡಿ. ಬೇರೆ ಕೆಲಸ ಕೊಡಿಸಿ, ಆಮೇಲೆ ಕೇಳಿ.

ಶಿಕ್ಷಕರ ದಿನಾಚರಣೆಗೆ ಗೀತಾಂಜಲಿ ಮೇಡಂಗೆ ಸನ್ಮಾನ. ವಂದನಾರ್ಪಣೆ ಯಾರದು, ಹೇಳಬೇಕೇ? ಪಕ್ಕೀರಮ್ಮನನ್ನು ಕ್ರಾಂತಿ ಕಾಲಿಗೆ ಬಿದ್ದು ಕರೆದಳು. “ಆ ಗೇಟಿನೊಳಗ ನಂದೇನೈತವಾ ಇನ್ನ,” ಅಂತ ಅವಳು ಒಲೆಯ ಮುಂದಿನಿಂದ ಏಳಲೇ ಇಲ್ಲ.

ಈ ಸಲ ಕ್ರಾಂತಿ ಪಟ್ಟಿಯನ್ನು ಕೊಟ್ರಸ್ವಾಮಿಯವರ ಕೈಗೆ ಕೊಟ್ಟಿರಲಿಲ್ಲ. ಹದಿನಾರೂ ಹೇಳಿ ಮುಗಿಸಿ, ಉಸಿರು ಎಳೆದುಕೊಂಡು, ಬಾಗಿಲು ನಡುಗಲಿ ಅಂತ ಕೂಗಿದಳು.

“ಪಕ್ಕೀರಮ್ಮ!”

ದನಿ ಅವಳ ಮುಂದೆಯೇ ಬಿತ್ತು. ತನ್ನ ಹೆಸರು ಬಂದ ಕೂಡಲೇ ಮಾರಣ್ಣ ರೂಢಿಯಂತೆ ಮೈಕು ಬಂದ್ ಮಾಡಿ ವೈರು ಸುತ್ತತೊಡಗಿದ್ದ. ನಾಗಪ್ಪನವರು ಆಗಲೇ ಪೆಂಡಾಲಿನಲ್ಲಿದ್ದರು, ಅವರ ಹಿಂದೆ ಕೊಟ್ರಸ್ವಾಮಿ, ಅವರ ಹಿಂದೆ ಇಡೀ ಸಭೆ. ಕುರ್ಚಿಗಳು ಖಾಲಿ. ಹಿಂಬಾಗಿಲಲ್ಲಿ ಹೊಸದಾಗಿ ಸೇರಿದ ಕಸದ ಎರ್ರೆಮ್ಮ, ಜನ ಯಾವಾಗ ಹೋದಾರು ಅಂತ ಕಸಬರಿಗೆ ಹಿಡಿದು ಕಾಯುತ್ತಿದ್ದವಳು, ಒಳಗೆ ಬಂದಳು.

“ಯಾರ ಹೆಸರ್ರೀ ಮೇಡಂ ಅದು?”

“ನಮ್ಮವ್ವಂದು,” ಅಂದಳು ಕ್ರಾಂತಿ. ಆ ಗೇಟಿನೊಳಗೆ ಒಂಬತ್ತು ವರ್ಷದಲ್ಲಿ ಮೊದಲ ಸಲ.

ಎರ್ರೆಮ್ಮ ಅವಳ ಮುಖ ಒಂದು ಗಳಿಗೆ ನೋಡಿದಳು. “ಮತ್ತ ಮೈಕ್ ಇದ್ದಾಗ ಹೇಳಬೇಕಿತ್ತಲ್ರಿ,” ಅಂತ ಬಗ್ಗಿ ಕಸ ಹೊಡೆಯತೊಡಗಿದಳು.