ಎರವಲು ಎದೆ

ಮೈದುನನ ಕೆಲಸದ ಅಂಗಿಯನ್ನು ಅವಳು ಕೊಡವದೆ ಹಾಗೇ ಬಕೆಟ್ಟಿನ ನೀರಿಗೆ ಇಳಿಸಿದಳು. ಕೊಡವಿದರೆ ಕಲ್ಲಿನ ಪುಡಿ ಎದ್ದು ಮೂಗಿಗೆ ಬರುತ್ತದೆ. ಗಂಡ ಇದ್ದಾಗಲೇ ಕಲಿತ ಪಾಠ. ನೀರು ಹಾಲಿನಂತಾಯಿತು. ಚೆಲ್ಲಿ ಮತ್ತೆ ಹಿಡಿದಳು. ಪಕ್ಕದಲ್ಲಿ ಓರಗಿತ್ತಿ ಸೋಪು ಉಜ್ಜುತ್ತಿದ್ದಳು.

ಒಳಗೆ ಕೆಮ್ಮು ಕೇಳಿಸಿತು. ಒಣದಾಗಿ ಎರಡು ಸಲ, ಆಮೇಲೆ ಗಂಟಲು ಕೆರೆದ ಸದ್ದು. ಅವಳು ಒದ್ದೆ ಕೈಯಲ್ಲೇ ಎದ್ದುಹೋಗಿ ಬಿಸಿನೀರು ಬಗ್ಗಿಸಿಕೊಂಡು ನಡುಮನೆಗೆ ಬಂದಳು. ಕೂತಿದ್ದವನು ಮೈದುನ. ಗಂಡ ಸತ್ತು ವರ್ಷವಾಗುತ್ತ ಬಂದಿತ್ತು. ಕೆಮ್ಮು ಮಾತ್ರ ಅವನದೇ.

"ಕೊಡಿ ಅತ್ತಿಗೆ," ಎಂದ ಮೈದುನ. ಲೋಟ ಅವಳ ಕೈಯಲ್ಲೇ ಉಳಿದಿತ್ತು.

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ವರ್ಷಕ್ಕೊಮ್ಮೆ ಎಕ್ಸ್‌ರೇ ವ್ಯಾನು ಬರುತ್ತಿತ್ತು. ಎದೆಯಲ್ಲಿ ಕಲೆ ಕಂಡವರನ್ನು ಮಿಷನ್ನಿನಿಂದ ತೆಗೆದು ಗೇಟು ಕಾಯಲು ಹಾಕುತ್ತಿದ್ದರು; ಗೇಟಿನವರಿಗೆ ಅರ್ಧ ಸಂಬಳ. ಹಾಗಾಗಿ ಕೆಮ್ಮುವವರು ತಮ್ಮ ಬದಲು ಗಟ್ಟಿ ಎದೆಯವರನ್ನು ಕಳಿಸುತ್ತಿದ್ದರು. ಮುಖಕ್ಕೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಸಾಲಾಗಿ ನಿಂತವರಲ್ಲಿ ಯಾರು ಯಾರೆಂದು ಹೊರಗಿನ ಡಾಕ್ಟರಿಗೆ ಹೇಗೆ ತಿಳಿಯಬೇಕು? ಕಳೆದ ಸಲ ಮೈದುನ ಎರಡು ಸಲ ನಿಂತಿದ್ದ, ಒಮ್ಮೆ ತನಗಾಗಿ, ಒಮ್ಮೆ ಅಣ್ಣನಿಗಾಗಿ. ಅಣ್ಣ ಪೂರ್ತಿ ಸಂಬಳ ತಂದ, ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟ.

ಪರಿಹಾರ ಕೇಳಲು ಹೋದಾಗ ಮ್ಯಾನೇಜರು ಆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ನೋಡಮ್ಮ, ಕನ್ನಡಿ ಇದ್ದಂಗಿದೆ. ನಮ್ಮ ಧೂಳಿಂದ ಸತ್ತ ಅಂದ್ರೆ ಹೆಂಗೆ?" ಪಕ್ಕದಲ್ಲಿದ್ದ ಮೈದುನ ತನ್ನವೇ ಪಕ್ಕೆಲುಬುಗಳನ್ನು ನೋಡುತ್ತ ನಿಂತಿದ್ದ.

ನಾಳೆ ಮತ್ತೆ ವ್ಯಾನು. ದೀಪ ಹಚ್ಚುವ ಹೊತ್ತಿಗೆ ಲಾರಿಗೆ ಕಲ್ಲು ತುಂಬುವ ಹಮಾಲಿ ಬಂದ. ಅವನ ಮೈಕಟ್ಟು ನೋಡಿ ಎಲ್ಲರೂ ಗೂಳಿ ಎನ್ನುತ್ತಿದ್ದರು.

"ಏನ್ ತಂಗಿ, ನಿನ್ ಗಂಡ ಹೆಣ್ಣು ನೋಡೋಕೆ ಬಂದೋರ ಥರ ಕೂತವ್ನೆ?" ಎಂದು ಓರಗಿತ್ತಿಯನ್ನು ಕೇಳಿದ.

"ನೀನೇ ಕೇಳಣ್ಣ. ನಿನ್ನೆಯಿಂದ ಸರಿಯಾಗಿ ಊಟ ಇಲ್ಲ."

"ಲೋ, ನಾಳೆ ನಿನ್ ಹೆಸರು ಕೂಗಿದಾಗ ನಾನು ಹೋಗ್ತೀನಿ. ಶಾಲೇಲಿ ಒಂದ್ಸಲಾನೂ ಪಾಸಾಗದೋನು, ಇಲ್ಲಿ ಎಲ್ಲಾರ್ ಹೆಸರಲ್ಲೂ ಪಾಸಾಗ್ತಾ ಇದೀನಿ."

ಓರಗಿತ್ತಿ ನಕ್ಕಳು. ಮೈದುನ ನಗಲಿಲ್ಲ. ಗೂಳಿ ಅವನ ಭುಜ ತಟ್ಟಿ, "ನೀನು ಸುಮ್ನೆ ಕಾರ್ಖಾನೆ ಹಿಂದೆ ಬಚ್ಚಲ ಹತ್ರ ಇರು, ಸಾಕು," ಎಂದು ಹೊರಟುಹೋದ.

"ನಾನೇ ಹೋಗ್ತೀನಿ," ಎಂದ ಮೈದುನ, ಬಾಗಿಲನ್ನೇ ನೋಡುತ್ತ.

"ಹೋಗಿ ಗೇಟಲ್ಲಿ ಕೂತ್ಕೊಳ್ಳಿ. ಮನೆ ಬಾಡಿಗೆ ಕಟ್ಟಿ ಗಾಳಿ ಕುಡಿಯೋಣ," ಎಂದಳು ಓರಗಿತ್ತಿ. ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಅಕ್ಕ, ನೀವಾದ್ರೂ ಹೇಳಿ."

ಅವಳು ಗೋಡೆಗೆ ಒರಗಿ ನಿಂತಳು. ಈ ಮನೆಯಲ್ಲಿ ತನ್ನ ತಟ್ಟೆಗೆ ಬೀಳುವ ತುತ್ತೂ ಆ ಪೂರ್ತಿ ಸಂಬಳದ್ದೇ. ಅರ್ಧವಾದರೆ ಮೊದಲು ಭಾರವಾಗುವವಳು ಯಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಮೈದುನ ಮತ್ತೆ ಕೆಮ್ಮಿದ. ಈ ಸಲ ಕೆಮ್ಮು ಅವನ ಬಾಯಿಂದಲ್ಲ, ಮೂಲೆಯಲ್ಲಿ ಸುತ್ತಿಟ್ಟ ಗಂಡನ ಹಾಸಿಗೆಯ ಕಡೆಯಿಂದ ಬಂದಂತಾಯಿತು. ಅವಳು ಅತ್ತ ತಿರುಗಲಿಲ್ಲ.

"ಅಣ್ಣನಿಗೆ ಯಾರೂ ಹೇಳ್ಲಿಲ್ಲ," ಎಂದ ಮೈದುನ. "ನನಗೆ ಹೇಳಿ ಅತ್ತಿಗೆ. ನೀನೇ ಹೋಗು ಅಂತ ಒಂದು ಮಾತು ಹೇಳಿ."

ಓರಗಿತ್ತಿ ಅವಳ ಮುಖವನ್ನೇ ನೋಡುತ್ತಿದ್ದಳು. ಹೊರಗೆ ಯಾರೋ ಸೈಕಲ್ಲು ನಿಲ್ಲಿಸಿ, ಮತ್ತೆ ಹತ್ತಿ ಹೋದರು.

"ಅತ್ತಿಗೆ, ಹೇಳಿ."