ಹಿಂದಕ್ಕೆ ಹೋದ ಚುಕ್ಕೆ

ಭಾನುವಾರ ಬೆಳಿಗ್ಗೆ ಹತ್ತು ಇಪ್ಪತ್ತೆರಡಕ್ಕೆ ನಡೆದ ಘಟನೆಯನ್ನು ಇತಿಹಾಸಕಾರರು ದಾಖಲಿಸಿಕೊಳ್ಳದೆ ಬಿಟ್ಟದ್ದು ದೊಡ್ಡ ಲೋಪ: ಗಡಿಯಾರ ರಿಪೇರಿಯವರ ಕಂಪ್ಯೂಟರಿನ ನಕ್ಷೆಯಲ್ಲಿ ಒಂದು ಹಸಿರು ಚುಕ್ಕೆ ಹಿಂದಕ್ಕೆ ಹೋಯಿತು.

ಆ ಚುಕ್ಕೆ ಅವರ ಹೆಂಡತಿ. ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿತು, ಮೊದಲ ಸಲ ಒಬ್ಬಳೇ, ನಲವತ್ತು ಕಿಲೋಮೀಟರು ಆಚೆಯ ಅಕ್ಕನ ಮನೆಗೆ ಹೊರಟಿದ್ದಳು. ಗಂಡನ ಹ್ಯಾಮ್ ರೇಡಿಯೋ ಹುಚ್ಚಿಗೆ ಮೂವತ್ತು ವರ್ಷ ಸೊಪ್ಪು ಹಾಕದವಳು, ಸೋಪಿನ ಡಬ್ಬಿಯಷ್ಟಿದ್ದ ಪೆಟ್ಟಿಗೆಯೊಂದನ್ನು ಕಾರಿನಲ್ಲಿ ಕೂರಿಸಲು ಅದು ಹೇಗೋ ಒಪ್ಪಿದ್ದಳು. ಕಾರು ಎಲ್ಲಿದೆ, ಬ್ಯಾಟರಿ ಎಷ್ಟು ವೋಲ್ಟು ಎಂದು ಅದು ನಿಮಿಷಕ್ಕೊಮ್ಮೆ ರೇಡಿಯೋದಲ್ಲಿ ಸಾರುತ್ತಿತ್ತು; ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದಾದ ನಕ್ಷೆಯ ಮೇಲೆ ಅದು ಚುಕ್ಕೆಯಾಗಿ ಮೂಡುತ್ತಿತ್ತು.

"ನೋಡ್ಕೊಳಿ, ಬೇಡ ಅನ್ನಲ್ಲ. ಆದ್ರೆ ಫೋನ್ ಮಾಡ್ಬಾರ್ದು, ಹಿಂದೆ ಬರ್ಬಾರ್ದು. ಬಂದ್ರೋ, ಪೆಟ್ಟಿಗೆ ಕಿತ್ತು ನಿಮ್ಮ ಕೈಗಿಡ್ತೀನಿ."

"ನಾನ್ಯಾಕೆ ಬರ್ಲಿ? ನಂಗೇನು ಬೇರೆ ಕೆಲಸ ಇಲ್ವಾ?" ಎಂದಿದ್ದರು. ಬೇರೆ ಕೆಲಸ ಇರಲಿಲ್ಲ.

ಚುಕ್ಕೆ ಹೊಳೆಯ ಸೇತುವೆ ದಾಟಿ ಆಚೆಯ ಪೇಟೆ ಮುಟ್ಟಿತ್ತು. ಈಗ ಒಮ್ಮೆಲೇ ಹಿಂದಕ್ಕೆ ಹಾರಿ ಸೇತುವೆಯ ನಟ್ಟನಡುವೆ ಕೂತಿತು. ಹದಿನಾಲ್ಕರ ಹತ್ತಿರವಿದ್ದ ವೋಲ್ಟು ಹನ್ನೆರಡಕ್ಕೆ ಇಳಿದಿತ್ತು. ಅಂದರೆ ಎಂಜಿನ್ ಆರಿದೆ. ಎದ್ದರು, ಕೂತರು, ಫೋನ್ ಎತ್ತಿಕೊಂಡು ಮಗುಚಿಟ್ಟರು, ಕುಡಿದು ಮುಗಿಸಿದ್ದ ಲೋಟದಿಂದ ಇನ್ನೊಂದು ಗುಟುಕು ಕುಡಿದರು. ಐದು ನಿಮಿಷ ಕಳೆದರೂ ಚುಕ್ಕೆ ಅಲ್ಲಾಡಲಿಲ್ಲ. ಕೈರೇಡಿಯೋವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದರು.

ಸೇತುವೆ ಖಾಲಿ. ಕಂಬಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿ ಮುಟ್ಟಿ ನೋಡಿದರು, ಒಂದೂ ಮುರಿದಿರಲಿಲ್ಲ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಇದೇ ಹುಚ್ಚಿನವರು. ಸಂದೇಶಗಳನ್ನು ಮುಂದಕ್ಕೆ ದಾಟಿಸುವ ಯಂತ್ರ ಅವರ ತಾರಸಿಯ ಮೇಲಿತ್ತು. ರೇಡಿಯೋದಲ್ಲಿ ಅವರನ್ನೇ ಕೂಗಿದರು.

"ಡಾಕ್ಟ್ರೇ, ಕಾರು ಇಲ್ಲಿಲ್ಲ!"

"ಹೆಂಗಿರತ್ತೆ? ನಿಮ್ಮನೆಯೋರು ಆಗ್ಲೇ ಅಕ್ಕನ ಮನೆ ಸೇರಿದ್ರು, ಈಗ ನಕ್ಷೇಲಿ ಕಾಣ್ತಿದೆ. ನನ್ನ ಯಂತ್ರಕ್ಕೆ ಅಜೀರ್ಣ. ಹಳೇ ಸಂದೇಶ ನುಂಗ್ಕೊಂಡಿದ್ದು ತಡವಾಗಿ ಕಕ್ಕಿದೆ. ಗಂಟೆ ನೋಡ್ಲಿಲ್ವಾ? ಪ್ರತಿ ಸಂದೇಶದಲ್ಲೂ ಇರತ್ತಲ್ಲ ಮಾರಾಯ್ರೇ."

ಜೀವಮಾನವಿಡೀ ಊರಿಗೆಲ್ಲ ಗಂಟೆ ಸರಿಮಾಡಿಕೊಟ್ಟವರು ಗಂಟೆ ನೋಡಿರಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ಸೇತುವೆ ಮೇಲೆ ಏನ್ಮಾಡ್ತಿದೀರಿ?"

"ಯಾವ ಸೇತುವೆ? ನಾನು ಮನೇಲಿದೀನಿ." ಬೆನ್ನ ಹಿಂದೆ ಲಾರಿಯೊಂದು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು.

"ಮನೇಲಿ ಲಾರಿ ಯಾವಾಗ ತಂದ್ರಿ? ಅಕ್ಕನ ಫೋನಲ್ಲಿ ನಕ್ಷೆ ನೋಡ್ತಿದೀನಿ. ನಿಮ್ಮ ಸೊಂಟದ ರೇಡಿಯೋನೂ ಎಲ್ಲಿದೀರಿ ಅಂತ ಸಾರ್ತಾನೇ ಇದೆ."

"ಎಂಜಿನ್ ಆರಿತ್ತಲ್ಲೇ..."

"ನಾನೇ ಆರಿಸ್ದೆ. ಹತ್ತು ನಿಮಿಷ ನಿಂತು ನೀರು ನೋಡ್ದೆ. ಮೂವತ್ತು ವರ್ಷದಿಂದ ನಿಮ್ಮ ಸ್ಕೂಟರ್ ಹಿಂದೆ ಕೂತು ಆ ಸೇತುವೆ ದಾಟ್ತಿದೀನಿ. ನಿಲ್ಸಿ ಅಂದ್ರೆ ಒಂದ್ಸಲನಾದ್ರೂ ನಿಲ್ಸಿದೀರಾ?"

ಕಂಬಿ ಹಿಡಿದು ಕೆಳಗೆ ನೋಡಿದರು. ನೀರು ತನ್ನ ಪಾಡಿಗೆ ಹೋಗುತ್ತಿತ್ತು.

ಸಂಜೆ ಅವಳು ಕಾರು ನಿಲ್ಲಿಸಿ, ಅವರದೇ ಸ್ಕ್ರೂಡ್ರೈವರ್ ಕೇಳಿ ಪಡೆದು, ಪೆಟ್ಟಿಗೆ ಬಿಚ್ಚಿ ಅವರ ಅಂಗೈಗೆ ಇಟ್ಟಳು. ಬೈಯಲಿಲ್ಲ.

ಮುಂದಿನ ಭಾನುವಾರವೂ ಅವಳು ಒಬ್ಬಳೇ ಹೋದಳು. ಮೇಜಿನ ಮೇಲೆ ಬ್ಯಾಟರಿಗೆ ಸಿಕ್ಕಿಸಿಟ್ಟಿದ್ದ ಪೆಟ್ಟಿಗೆಯ ಹಸಿರು ಚುಕ್ಕೆ ದಿನವಿಡೀ ಮನೆಯಲ್ಲೇ ಇತ್ತು.