ಹಡಗಿನ ತವಾ

ವಾಜಿದನ ಬಲಗೈ ಮಣಿಕಟ್ಟು ಮೇಲೇಳುತ್ತಿರಲಿಲ್ಲ. ಚಿಕ್ಕಬಾಣಾವರದ ಶೆಡ್ಡಿನಲ್ಲಿ ಸುತ್ತಿಗೆ ಜಾರಿ ಕಾಲ ಬಳಿಯೇ ಬಿದ್ದಿತ್ತು. ಬಾಯಲ್ಲಿ ಸದಾ ಒಂಥರಾ ಸಿಹಿ, ಹೊಟ್ಟೆಯಲ್ಲಿ ಹಿಂಡುವ ನೋವು.

ಗುಜರಿಗೆ ಬಿದ್ದ ಹಳೆಯ ಯುದ್ಧನೌಕೆಯ ತಗಡು ಆ ಶೆಡ್ಡಿಗೆ ಬರುತ್ತಿತ್ತು. ಕಾಯಿಸಿ ಬಡಿದರೆ ಚಾಕು. ಆ ಚಾಕುವಿನಲ್ಲಿ ಯಾರೂ ಈರುಳ್ಳಿ ಹೆಚ್ಚುವುದಿಲ್ಲ. ಕೊಂಡವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ. ಊರ ಹೊಲವನ್ನೆಲ್ಲ ಸೈಟು ಮಾಡಿ ಮಾರಿದ ಮನೆಯ ಮಗ ಗಿರಿ ಅಲ್ಲಿಯ ಮಾಲೀಕ. ಅವನದು ಒಂದೇ ಹಟ: ತಗಡಿನ ಹಳೇ ಕೆಂಪು ಬಣ್ಣ ಕೆರೆಯಬಾರದು. ಬಣ್ಣದ ಸಮೇತ ಕುಲುಮೆಗಿಟ್ಟು, ಇಕ್ಕಳ ಹಿಡಿಯುವ ತುದಿಯಲ್ಲಿ ಒಂದು ಚೂರು ಉಳಿಸಬೇಕು.

"ಬಣ್ಣ ಹೋದ್ರೆ ಯುದ್ಧನೌಕೆ ಅಂತ ಯಾರ್ ನಂಬ್ತಾರೆ, ವಾಜಿದ್ ಭಾಯ್?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ರಕ್ತದಲ್ಲಿ ಸೀಸ ಸೇರಿದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಅದರ ಹೊಗೆ ಕುಡಿದಿದೀರಿ. ಮನೇಲಿ ಮಕ್ಕಳಿದಾರಾ? ಕೆಲಸದ ಸಾಮಾನು ಏನಾದ್ರೂ ಮನೆಗೆ ಒಯ್ದಿದೀರಾ?"

ವಾಜಿದನಿಗೆ ಮನೆಯ ತವಾ ನೆನಪಾಯಿತು. ರಂಜಾನ್ ಹಬ್ಬಕ್ಕೆ ತೆಳು ತಗಡಿನ ಚೂರೊಂದನ್ನು ದುಂಡಗೆ ಕತ್ತರಿಸಿ, ಹೆಂಡತಿ ತಾಹೆರಾಳಿಗೆ ತವಾ ಮಾಡಿಕೊಟ್ಟಿದ್ದ. ತಳದ ಕೆಂಪು ಬಣ್ಣ ಹಾಗೇ ಬಿಟ್ಟಿದ್ದ. ಇಲ್ಲದಿದ್ದರೆ ಹಡಗಿನದೆಂದು ಅಕ್ಕಪಕ್ಕದವರು ನಂಬಬೇಕಲ್ಲ!

ಮನೆಗೆ ಓಡಿದ. ತಾಹೆರಾ ರೊಟ್ಟಿ ಸುಡುತ್ತಿದ್ದಳು. ಒಲೆಯ ಪಕ್ಕದಲ್ಲೇ ಪುಟ್ಟ ಲುಬ್ನಾ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಜಂತುಹುಳ ಇರಬೇಕೆಂದು ತಾಯಿ ಔಷಧಿ ಹಾಕುತ್ತಲೇ ಇದ್ದಳು. ವಾಜಿದ್ ಎಡಗೈಯಿಂದ ತವಾ ಎಳೆದು ಹೊರಗೆಸೆದ.

"ಅಬ್ಬಾ, ಹಡಗಿನ್ ರೊಟ್ಟಿ!" ಎಂದು ಮಗು ಅತ್ತಿತು. ಅವನೇ ಕಲಿಸಿದ ಮಾತು. ಆವತ್ತೇ ಮಗುವಿನ ರಕ್ತ ಪರೀಕ್ಷೆಗೆ ಕೊಟ್ಟು ಬಂದರು.

ಆಸ್ಪತ್ರೆಯ ಸುದ್ದಿ ಕೇಳಿ ಸಂಜೆ ಗಿರಿ ಫೋನ್ ಮಾಡಿದ. "ನಾಳೆ ಗಿರಾಕಿಗಳು ಶೆಡ್ ನೋಡೋಕ್ ಬರ್ತಾರೆ. ಆಸ್ಪತ್ರೆ ಗೀಸ್ಪತ್ರೆ ಅಂತ ಬಾಯ್ಬಿಟ್ರೆ, ಚಾಕು ಕದ್ದ ಅಂತ ಕಂಪ್ಲೇಂಟ್ ಕೊಡ್ತೀನಿ. ಕೈಯಲ್ಲಿ ಚಾಕು, ಅದ್ರ ಜೊತೆಗೆ ವಾಜಿದ್ ಅನ್ನೋ ಹೆಸ್ರು. ಪೊಲೀಸ್ನೋರು ಏನ್ ಬರ್ಕೋತಾರೆ ಗೊತ್ತಲ್ಲ?"

ಗೊತ್ತಿತ್ತು. ಆ ಭಯಕ್ಕೇ ಬೆಳಿಗ್ಗೆ ಶೆಡ್ಡಿಗೆ ಹೋದ.

ಗಿರಾಕಿಯೊಬ್ಬ ಚಾಕುವಿನ ಕೆಂಪು ಬಣ್ಣವನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. "ಹಿಸ್ಟರೀನೇ ಮುಟ್ಟಿದಂಗಾಗುತ್ತೆ ಕಣ್ರೀ!"

ವಾಜಿದನ ಫೋನ್ ಬಡಿದುಕೊಂಡಿತು. ತಾಹೆರಾ. ಅವನ ಕೈ ಏಳಲಿಲ್ಲ. ಜೊತೆಗಾರ ಮುನಿಆಂಜಿನಪ್ಪ ಜೇಬಿನಿಂದ ಫೋನ್ ತೆಗೆದು ಅವನ ಕಿವಿಗೆ ಹಿಡಿದ.

ಕೇಳಿಸಿಕೊಂಡ ವಾಜಿದ್ ಗಿರಾಕಿಯತ್ತ ತಿರುಗಿದ. ಇನ್ನು ಹೆದರಿ ಉಳಿಸಿಕೊಳ್ಳುವುದೇನಿತ್ತು?

"ನನ್ ಮಗಳ ರಕ್ತದಲ್ಲೂ ಸೀಸ ಇದೆಯಂತೆ," ಎಂದ, ಗಟ್ಟಿಯಾಗಿ. "ಈ ಬಣ್ಣದಿಂದಾನೇ ಸಾರ್. ನೀವು ಸವರ್ತಿದೀರಲ್ಲ, ಅದೇ."

"ನಂಗೂ ಇಂಗೇ ಒಟ್ಟೆ ನೋಯ್ತದಲ್ಲೋ ವಾಜಿದಾ!" ಎಂದ ಮುನಿಆಂಜಿನಪ್ಪ. ಹೋಗಿ ಕುಲುಮೆಯ ಬ್ಲೋವರ್ ಆರಿಸಿದ. ಉಳಿದವರೂ ಸುತ್ತಿಗೆ ಕೆಳಗಿಟ್ಟರು.

"ಬ್ಲೋವರ್ ಹಾಕ್ರೋ!" ಗಿರಿ ಅರಚಿದ. ಯಾರೂ ಅಲ್ಲಾಡಲಿಲ್ಲ.

ಗಿರಾಕಿ ಚಾಕು ಕೆಳಗಿಟ್ಟು, ಕರ್ಚೀಫು ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಗಿರಿ," ಎಂದ, "ಬಣ್ಣ ಇಲ್ದೇ ಇರೋದಿದ್ರೆ ತೋರ್ಸಿ."